ಬಾವಿ ಮಲಗುವ ಹೊತ್ತು

ಮಾರ್ಸೇಯ್, ೧೧ ಏಪ್ರಿಲ್ ೧೯೮೬

ಮಗಳೇ ನಜೀಹಾ,

ಮೊದಲು ಅಲ್ಲಾಹನ ಹೆಸರು. ಆಮೇಲೆ ನಿನಗೆ, ನನ್ನ ಮಗ ಸಾದೊಕ್‌ಗೆ, ಗೋಡೆಯಾಚೆಯ ದೂಜಾಳಿಗೆ, ಅಂಗಳದ ಕಹಿಕಿತ್ತಳೆಗೆ, ಗುಲಾಬಿಗೆ, ಮಲ್ಲಿಗೆ ಬಳ್ಳಿಗೆ, ಎಲ್ಲರಿಗೂ ನನ್ನ ಸಲಾಂ. ಗಿಡಕ್ಕೂ ಸಲಾಂ ಬರೆಯುವ ಮುದುಕಿ ಅಂತ ನೀನು ನಗುತ್ತೀಯ. ನಗು, ಅಡ್ಡಿಯಿಲ್ಲ.

ಹಿರಿಮಗ ತಾಹರನ ಮನೆ ಬಹಳ ಮೇಲಿದೆ. ಕಿಟಕಿ ತೆರೆದರೆ ಕಾಣುವುದು ಇನ್ನೊಬ್ಬರ ಕಿಟಕಿ. ನನ್ನ ಎದೆಯೊಳಗಿನ ಕವಾಟ ಸವೆದಿದೆಯಂತೆ, ಬದಲಿಸಬೇಕಂತೆ. ಡಾಕ್ಟರು ಬಾಗಿಲ ತಿರುಗುಣಿ ಬದಲಿಸುವ ಬಡಗಿಯ ಹಾಗೆ ಸಲೀಸಾಗಿ ಹೇಳಿದರು. ಎಷ್ಟು ತಿಂಗಳು ಅಂತ ಕೇಳಿದರೆ ಭುಜ ಹಾರಿಸುತ್ತಾರೆ.

ನಮ್ಮೂರು ನಾಬುಲ್‌ನಲ್ಲಿ ಈಗ ಕಿತ್ತಳೆ ಹೂವಿನ ಭರಾಟೆ ಇರಬೇಕು. ದೂಜಾಳನ್ನು ಕರೆದುಕೊಂಡು ಹೂವಿನ ನೀರು ಇಳಿಸಿಬಿಡು. ಮೊದಲು ಇಳಿದ ಸೀಸೆ ಬೇರೆ ಇಡು. ಅದು ಯಾರಿಗೆ ಅಂತ ನಿನಗೆ ಗೊತ್ತು. ನಿನಗೆ ಹಿಡಿಸದ ಮಾತು ಅಂತಲೂ ನನಗೆ ಗೊತ್ತು. ಆದರೂ ಬರೆಯುತ್ತೇನೆ. ನಾನು ನಮ್ಮ ಕೇರಿಯಲ್ಲಿ ತೀರಿಕೊಂಡ ಹೆಂಗಸರ ಮಯ್ಯತ್ ತೊಳೆಯುವವಳು. ನನ್ನ ಕೈಯಿಂದ ಹೋದ ಯಾವಳೂ ಹೂವಿಲ್ಲದೆ ಹೋಗಿಲ್ಲ. ಕಫನ್ ಬಟ್ಟೆ ಸುತ್ತಿ ಕಟ್ಟುವ ಮುಂಚೆ ಬಲಗೈ ಬೆರಳ ಸಂದಿಯಲ್ಲಿ ಒಂದು ಹೂ ಸಿಕ್ಕಿಸುತ್ತೇನೆ. ಇಮಾಮರು ಆ ಕಡೆ ನೋಡುವುದಿಲ್ಲ, ನಾನೂ ತೋರಿಸುವುದಿಲ್ಲ. ಸಾವು ತಿಂಗಳು ನೋಡಿ ಬರುವುದಿಲ್ಲವಲ್ಲ, ಅದಕ್ಕೇ ನನ್ನ ಅಂಗಳದಲ್ಲಿ ವರ್ಷವಿಡೀ ಏನಾದರೊಂದು ಅರಳಿರಬೇಕು. ನಾನಿಲ್ಲದಾಗ ಪೇಟೆಯಾಚೆಯ ತೊಳೆಯುವವಳು ಬರುತ್ತಾಳೆ. ಅವಳು ಬಾಗಿಲು ತಟ್ಟಿದರೆ ಹೂ ಕೊಟ್ಟು ಕಳಿಸು. ಇಷ್ಟನ್ನಾದರೂ ಮಾಡು. ಮಯ್ಯತ್ ಮುಟ್ಟು ಅಂತ ನಾನು ಹೇಳುವುದಿಲ್ಲ. ಮದುವೆಯಾದ ವರ್ಷ ನಿನ್ನನ್ನು ಒಮ್ಮೆ ಕರೆದುಕೊಂಡು ಹೋದಾಗ ನೀನು ಹೊಸ್ತಿಲಿನಿಂದಲೇ ಓಡಿದ್ದು ಕೇರಿಗೆಲ್ಲ ಇನ್ನೂ ನೆನಪಿದೆ.

ಬಾವಿಯ ಮಾತು ಮರೆಯಬೇಡ. ನಸುಕಿನಲ್ಲಿ ಸೇದು. ಬಿಸಿಲು ನೀಲಿ ಬಾಗಿಲಿಗೆ ಬಿದ್ದ ಕೂಡಲೇ ಮುಚ್ಚಳ ಹಾಕು. ಆಮೇಲೆ ಬಾವಿ ಮಲಗಬೇಕು. ಮೂಲೆಯ ಗಿಡ ಬಾಯಿಬಿಟ್ಟರೂ ಸರಿ, ಎಬ್ಬಿಸಬೇಡ. ಯಾಕೆ ಅಂತ ಕೇಳಬೇಡ, ನನ್ನ ಅತ್ತೆಯನ್ನು ನಾನೂ ಕೇಳಿರಲಿಲ್ಲ.

ನಿನ್ನ ಅತ್ತೆ,
ಮನ್ನೂಬಿಯಾ


ನಾಬುಲ್, ೨೦ ಮೇ ೧೯೮೬

ಲಲ್ಲಾ ಮನ್ನೂಬಿಯಾ ಅತ್ತೆಯವರಿಗೆ ಸೊಸೆ ನಜೀಹಾಳ ಸಲಾಂ.

ನಾವು ಕ್ಷೇಮ. ಉಪವಾಸದ ತಿಂಗಳಾದ್ದರಿಂದ ಸಾದೊಕ್ ಕುಂಬಾರಿಕೆ ಕಾರ್ಖಾನೆಯಿಂದ ಬಂದವರೇ ಗೋಡೆಗೆ ಒರಗಿ ಗಡಿಯಾರ ನೋಡುತ್ತಾ ಕೂರುತ್ತಾರೆ. ಮಾತಾಡಿಸಿದರೆ ಸಿಡುಕು. ಸೂರ್ಯ ಮುಳುಗಿ ಒಂದು ಬಟ್ಟಲು ಸಾರು ಒಳಗೆ ಹೋದ ಮೇಲೆ ಮತ್ತೆ ನಿಮ್ಮ ಮಗ.

ಹೂವಿನ ನೀರು ಇಳಿಸಿದೆವು. ದೂಜಾ ಖಾಲ್ತಿ ಥೇಟ್ ಚಿಕ್ಕಮ್ಮನ ಹಾಗೆ ಒಲೆಯ ಮುಂದೆ ಕೂತು ನನ್ನ ಮೇಲೆ ಕಣ್ಣಿಟ್ಟಿದ್ದರು. "ಬೆಂಕಿ ಸಣ್ಣ ಮಾಡೇ, ಸ್ಫಾಕ್ಸ್ ಹುಡುಗಿ! ಇದು ನಿಮ್ಮೂರಿನ ಮೀನಿನ ತಲೆ ಸಾರಲ್ಲ, ಮೂರು ದಿನ ಕುದಿಸೋಕೆ!" ಅಂದರು. "ಖಾಲ್ತಿ, ಆ ಸಾರು ನಿಮಗೇ ಬಡಿಸಿದಾಗ ಬಟ್ಟಲು ನೆಕ್ಕಿದ್ರಲ್ಲ" ಅಂದೆ. ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ಮೊದಲ ಸೀಸೆ ನಿಮ್ಮ ಕಪಾಟಿನಲ್ಲಿಟ್ಟಿದ್ದೇನೆ. ನೀವು ಅವಸರದಲ್ಲಿ ಬೀಗ ಹಾಕದೆ ಬೀಗದ ಕೈ ಮಾತ್ರ ಮಾರ್ಸೇಯ್‌ಗೆ ಒಯ್ದದ್ದರಿಂದ ಕಪಾಟಿನ ಬಾಗಿಲು ತೆರೆದೇ ಇದೆ.

ಬೇಕರಿಯವನ ತಾಯಿ ತೀರಿಕೊಂಡರು. ತೊಳೆಯುವವಳು ಬಂದು ಬಾಗಿಲಲ್ಲಿ ನಿಂತಾಗ ಅರ್ಧ ಅರಳಿದ ಗುಲಾಬಿ ಕೊಟ್ಟೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನ್ನೂಬಿಯಾ ಇದ್ದಿದ್ರೆ ತಾನೇ ಬರ್ತಿದ್ಲು" ಅಂದಳು. ನನಗೆ ಮುಖವೆಲ್ಲ ಬಿಸಿಯಾಯಿತು. ಅತ್ತೆ, ನನಗೆ ಸತ್ತವರ ಭಯವಲ್ಲ. ಅವರ ತಣ್ಣಗಿನ ಕೈ ನನ್ನ ಕೈಯಲ್ಲಿ ಉಳಿದುಬಿಡುತ್ತದೆ ಅಂತ ಭಯ. ನಿಮಗೆ ಇದನ್ನು ಎದುರಿಗೆ ಹೇಳಲು ಆಗಿರಲಿಲ್ಲ.

ಇನ್ನು ಬಾವಿ. ರಾಟೆಯ ಹಗ್ಗದಿಂದ ಅಂಗೈ ಬೊಬ್ಬೆ ಎದ್ದಿದೆ. ಬಿಸಿಲು ನೀಲಿ ಬಾಗಿಲಿಗೆ ಬೀಳುವಷ್ಟರಲ್ಲಿ ಅರ್ಧ ತೋಟಕ್ಕೂ ನೀರು ತಲುಪುವುದಿಲ್ಲ. ಇಣುಕಿದರೆ ಒಳಗೆ ಬೇಕಾದಷ್ಟು ನೀರಿದೆ! ನಮ್ಮ ಸ್ಫಾಕ್ಸ್‌ನವರನ್ನು ಜಿಪುಣರು ಅಂತ ಆಡಿಕೊಳ್ಳುತ್ತೀರಿ, ನೀವು ಬಾವಿಯ ವಿಷಯದಲ್ಲಿ ನಮ್ಮಪ್ಪನನ್ನೂ ಮೀರಿಸಿದಿರಿ. ಕೋಪ ಬೇಡ, ತಮಾಷೆಗೆ ಬರೆದೆ.

ನಿಮ್ಮ ಸೊಸೆ,
ನಜೀಹಾ


ಮಾರ್ಸೇಯ್, ೧೪ ಜೂನ್ ೧೯೮೬

ಮಗಳೇ ನಜೀಹಾ,

ನಿನಗೆ ಹಬ್ಬದ ಹಾರೈಕೆ. ಇಲ್ಲಿ ಹಬ್ಬದ ದಿನ ತಾಹರ್ ಕೆಲಸಕ್ಕೆ ಹೋದ. ಮೊಮ್ಮಕ್ಕಳು ನನ್ನ ಜೊತೆ ಫ್ರೆಂಚ್ ಆಡುತ್ತಾರೆ, ನಾನು ಅವರ ಜೊತೆ ಬೆರಳಾಡಿಸುತ್ತೇನೆ. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿದೆ. ರಕ್ತ ತೆಳ್ಳಗಿದೆಯಂತೆ.

ತಣ್ಣಗಿನ ಕೈಯ ಮಾತು ಓದಿದೆ. ಅದು ನಿಜ, ಉಳಿಯುತ್ತದೆ. ನನಗೂ ಉಳಿದಿದೆ. ಡಿಸೆಂಬರಿನಲ್ಲಿ ನರ್ಗೀಸ್ ಹೂವಿನ ಗೆಡ್ಡೆಗಳನ್ನು ಯಾಕೆ ಅಷ್ಟು ಮುಚ್ಚಟೆಯಿಂದ ನೋಡುತ್ತೇನೆ ಅಂತ ನೀನು ಕೇಳಿದ್ದೆ, ನಾನು ಮಾತು ತೇಲಿಸಿದ್ದೆ. ನಾನು ಮೊದಲು ತೊಳೆದದ್ದು ನನ್ನ ತಾಯಿಯನ್ನು. ಡಿಸೆಂಬರ್ ತಿಂಗಳು. ಅಂಗಳದಲ್ಲಿ ಒಂದು ಹೂವೂ ಇರಲಿಲ್ಲ. ಜೀವನವಿಡೀ ಬೇರೆಯವರ ಮದುವೆಗೆ ಮಲ್ಲಿಗೆ ಕಟ್ಟಿದವಳು ನಿಂಬೆ ಎಲೆ ಹಿಡಿದುಕೊಂಡು ಹೋದಳು. ಮಾರನೆಯ ವರ್ಷ ದೂಜಾ ಎಲ್ಲಿಂದಲೋ ನರ್ಗೀಸ್ ಗೆಡ್ಡೆ ತಂದು ಕೊಟ್ಟಳು. ಅವಳೇ ಮಣ್ಣು ತೋಡಿದಳು. ಅಲ್ಲಿಂದ ಶುರುವಾದದ್ದು ಈ ತೋಟ. ಹನ್ನೆರಡು ತಿಂಗಳನ್ನೂ ನಾವಿಬ್ಬರೂ ಒಂದೊಂದಾಗಿ ತುಂಬಿಸಿದೆವು.

ನಾನು ಇಲ್ಲಿ ಸತ್ತರೆ ಸತುವಿನ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿ ಕಳಿಸುತ್ತಾರಂತೆ. ತೆರೆಯುವಂತಿಲ್ಲ. ಹಾಗಾಗಿ ನಾನು ಇಲ್ಲಿ ಸಾಯುವುದಿಲ್ಲ, ನಿಶ್ಚಯ.

ನನ್ನನ್ನು ಜಿಪುಣಿ ಅಂದೆ. ಆಗಲಿ. ಮುಚ್ಚಳ ಮಾತ್ರ ಹೊತ್ತಿಗೆ ಸರಿಯಾಗಿ ಹಾಕು.

ನಿನ್ನ ಅತ್ತೆ,
ಮನ್ನೂಬಿಯಾ


ನಾಬುಲ್, ೧೬ ಜುಲೈ ೧೯೮೬

ಲಲ್ಲಾ ಮನ್ನೂಬಿಯಾ ಅತ್ತೆಯವರಿಗೆ ಸಲಾಂ, ಕೈಗೆ ಮುತ್ತು.

ನೀವು ಈಗ ಬಂದರೆ ನಿಮ್ಮ ಅಂಗಳವನ್ನು ನೀವೇ ಗುರುತು ಹಿಡಿಯಲಾರಿರಿ. ಮಲ್ಲಿಗೆ ಬಳ್ಳಿ ಗೋಡೆ ಹತ್ತಿ, ಮಾಳಿಗೆ ದಾಟಿ, ದೂಜಾ ಖಾಲ್ತಿಯ ಬಟ್ಟೆ ಒಣಹಾಕುವ ತಂತಿಯನ್ನೂ ಹಿಡಿದುಕೊಂಡಿದೆ. ಮಧ್ಯಾಹ್ನ ಮೊಗ್ಗು ಕೊಯ್ದು ಹುಲ್ಲುಕಡ್ಡಿಗೆ ಕಟ್ಟುತ್ತೇನೆ. ಸಂಜೆಗೆ ಅದು ಕೈಯಲ್ಲೇ ಅರಳುತ್ತದೆ. ಸಾದೊಕ್ ದಿನವೂ ಕಿವಿಗೆ ಒಂದು ಸಿಕ್ಕಿಸಿಕೊಂಡು ಕಾಫಿ ಅಂಗಡಿಗೆ ಹೋಗುತ್ತಾರೆ. "ಏನು ಸಾದೊಕ್, ಎರಡನೇ ಮದುವೇನಾ?" ಅಂತ ಗೆಳೆಯರು ರೇಗಿಸುತ್ತಾರಂತೆ. ದುಂಡುಮಲ್ಲಿಗೆಯಂತೂ ಮುಷ್ಟಿ ಗಾತ್ರ. ತಬಾರಕಲ್ಲಾ, ತಬಾರಕಲ್ಲಾ. ನನ್ನ ದೃಷ್ಟಿಯೇ ತಾಗದಿರಲಿ.

ಈ ಬೇಸಿಗೆಯಲ್ಲಿ ಯಾರೂ ನಮ್ಮ ಬಾಗಿಲಿನಿಂದ ಬರಿಗೈಯಲ್ಲಿ ಹೋಗಿಲ್ಲ. ಸತ್ತವರಿಗಷ್ಟೇ ಅಲ್ಲ, ಬಾಣಂತಿಯರಿಗೆ, ಮದುಮಕ್ಕಳಿಗೆ, ಪರೀಕ್ಷೆ ಪಾಸಾದ ಮಕ್ಕಳಿಗೆ, ಎಲ್ಲರಿಗೂ ಕೊಟ್ಟೆ. ಸಂಜೆ ಸಂಜೆ ಅಂಗಳವನ್ನೆಲ್ಲ ನೀರು ಸುರಿದು ತೊಳೆಯುತ್ತೇನೆ. ಹಾಸುಗಲ್ಲು ತಂಪಾಗಿ ಬರಿಗಾಲಲ್ಲಿ ನಡೆಯಲು ಹಿತ. ಹೆಂಗಸರು ತಾವಾಗಿಯೇ ಬಂದು ಕೂರುತ್ತಾರೆ. ನಿಮ್ಮ ಕಾಲದಲ್ಲಿ ಹೆದರಿ ಬರುತ್ತಿದ್ದರು ಅಂತ ನಾನು ಹೇಳುವುದಿಲ್ಲ, ಅವರು ಹೇಳುತ್ತಾರೆ.

ಹಬ್ಬ ಮುಗಿದ ಕೂಡಲೇ ನನ್ನ ಅಣ್ಣ ಸ್ಫಾಕ್ಸ್‌ನಿಂದ ಬಂದು ನಾಲ್ಕು ದಿನ ಇದ್ದು ಹೋದ. ನಿಮಗೆ ಇಲ್ಲೊಂದು ಬೆರಗು ಕಾದಿದೆ. ಏನು ಅಂತ ಬರೆಯುವುದಿಲ್ಲ, ಬಂದಾಗ ನೋಡಿ.

ಒಂದು ನಗೆಯ ಸುದ್ದಿ. ದೂಜಾ ಖಾಲ್ತಿಗೆ ಮರೆವು ಶುರುವಾಗಿದೆ. ಶುಕ್ರವಾರ ಕುಸ್‌ಕುಸ್ ಬೇಯಿಸಿ ಕಳಿಸಿದ್ದರು. ಬಾಯಿಗಿಟ್ಟರೆ ಉಪ್ಪೋ ಉಪ್ಪು! ಎರಡು ಸಲ ಹಾಕಿದ್ದಾರೆ ಪಾಪ. ಸಾದೊಕ್ ನೀರು ಕುಡಿದು ಕುಡಿದು ತಿಂದರು. ತಟ್ಟೆ ಹಿಂದಿರುಗಿಸುವಾಗ, "ಖಾಲ್ತಿ, ಉಪ್ಪಿನ ಅಂಗಡಿ ಇಟ್ಟಿದ್ದೀರಾ?" ಅಂದೆ. ಅವರು ನನ್ನ ಮುಖ ನೋಡಿ, "ವಯಸ್ಸಾಯ್ತು ಮಗಳೇ, ಕೈ ಹತೋಟಿ ತಪ್ತು" ಅಂದು ತಟ್ಟೆ ಇಸಿದುಕೊಂಡರು.

ನಿಮ್ಮ ಸೊಸೆ,
ನಜೀಹಾ


ಮಾರ್ಸೇಯ್, ೩೧ ಜುಲೈ ೧೯೮೬

ಮಗಳೇ ನಜೀಹಾ,

ಇಲ್ಲೇ ದುಡಿಯುವ ದೂಜಾಳ ಅಳಿಯ ಹೇದಿ ನಾಳೆ ರಜೆಗೆ ಊರಿಗೆ ಹೊರಡುತ್ತಿದ್ದಾನೆ. ಕಾರಿನ ಮೇಲೆ ಹಾಸಿಗೆ, ಸೈಕಲ್ಲು, ಒಂದು ಸಂಸಾರವನ್ನೇ ಕಟ್ಟಿಕೊಂಡಿದ್ದಾನೆ. ಅವನ ಕೈಯಲ್ಲಿ ಈ ಕಾಗದ, ನಿನಗೆ ಒಂದು ಬಟ್ಟೆ, ಸಾದೊಕ್‌ಗೆ ಔಷಧಿ ಅಂಗಡಿಯ ಕಾಲಿನ ಮುಲಾಮು ಕಳಿಸಿದ್ದೇನೆ. ದೂಜಾಳಿಗೆ ಒಂದು ಮಾತು ಹೇಳಿ ಕಳಿಸಿದ್ದೇನೆ, ಅದು ಮುದುಕಿಯರ ಮಾತು.

ನಿನ್ನ ಕಾಗದವನ್ನು ಎರಡು ಸಲ ಓದಿಸಿಕೊಂಡೆ, ಆಮೇಲೆ ಕನ್ನಡಕ ಹಾಕಿಕೊಂಡು ನಾನೇ ಓದಿದೆ. ನನ್ನ ಬಿಂದಿಗೆಯಲ್ಲಿ ಸೇದಿ ದಿನಾ ಸಂಜೆ ಅಂಗಳ ತೊಳೆಯಲು ಒಂಟೆಗೂ ಆಗುವುದಿಲ್ಲ.

ಬಾವಿ ಹೇಗಿದೆ? ಬೇರೇನೂ ಬರೆಯದಿದ್ದರೂ ಇದಕ್ಕೆ ಉತ್ತರ ಬರೆ.

ಮನ್ನೂಬಿಯಾ


ನಾಬುಲ್, ೯ ಅಕ್ಟೋಬರ್ ೧೯೮೬

ಲಲ್ಲಾ ಮನ್ನೂಬಿಯಾ ಅತ್ತೆಯವರಿಗೆ ಸಲಾಂ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಶಸ್ತ್ರಚಿಕಿತ್ಸೆ ಆಯಿತು, ಎಚ್ಚರವಾದ ಕೂಡಲೇ ನರ್ಸನ್ನು ಬೈದಿರಿ ಅಂತ ತಾಹರ್ ಭಾವ ಫೋನು ಮಾಡಿದ್ದರು. ಕೇಳಿ ಎಲ್ಲರೂ ನಕ್ಕೆವು. ಸಾದೊಕ್ ನಗುತ್ತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು.

ತೋಟ ಸ್ವಲ್ಪ ಬಳಲಿದೆ. ಮಲ್ಲಿಗೆಯ ಎಲೆಯ ಅಂಚು ಸುಟ್ಟಂತೆ ಕಂದಾಗಿದೆ. ಬಿಸಿಲಿಗೆ ಇರಬೇಕು ಅಂತ ಇನ್ನಷ್ಟು ನೀರು ಬಿಟ್ಟೆ. ಈಗ ಗುಲಾಬಿಗೂ ಹಾಗೇ ಆಗಿದೆ. ಯಾರದೋ ದೃಷ್ಟಿ ಅಂತ ಬಾಗಿಲ ಮೇಲೆ ಮೀನಿನ ಬಾಲ ಕಟ್ಟಿದ್ದೇನೆ. ಬೇಸಿಗೆಯಲ್ಲಿ ಬಂದು ಕೂತ ಹೆಂಗಸರೆಲ್ಲರ ಮುಖವನ್ನು ಮನಸ್ಸಿನಲ್ಲೇ ಒಂದೊಂದಾಗಿ ಅನುಮಾನಿಸಿದೆ. ಆಮೇಲೆ ನಾಚಿಕೆಯಾಯಿತು. ಸೇವಂತಿಗೆ ಮೊಗ್ಗು ಬಿಟ್ಟಿದೆ. ರಾತ್ರಿರಾಣಿ ಇನ್ನೂ ಘಮಘಮ ಅನ್ನುತ್ತಿದೆ. ನೀವು ಚಿಂತಿಸಬೇಡಿ.

ದೂಜಾ ಖಾಲ್ತಿ ಚೆನ್ನಾಗಿದ್ದಾರೆ. ಬೆಳಿಗ್ಗೆ ಬೀದಿಯ ಕೊನೆಯ ನಲ್ಲಿಗೆ ಡಬ್ಬ ಹಿಡಿದುಕೊಂಡು ನಡೆದು ಹೋಗುತ್ತಾರೆ. "ಮನೇಲೇ ಬಾವಿ ಇಟ್ಕೊಂಡು ಇದೇನು ಖಾಲ್ತಿ?" ಅಂದರೆ, "ಮಂಡಿ ಹಿಡ್ಕೊಂಡಿದೆಯಲ್ಲೇ, ನಡೀಬೇಕಂತೆ" ಅನ್ನುತ್ತಾರೆ. ಒಳ್ಳೆಯದೇ. ಈಚೆಗೆ ಕುಸ್‌ಕುಸ್ ಕಳಿಸುವುದು ನಿಲ್ಲಿಸಿದ್ದಾರೆ. ನಾನು ಉಪ್ಪಿನ ಮಾತು ಆಡಿದ್ದಕ್ಕೆ ಮುನಿಸೇನೋ.

ಬಟ್ಟೆ ತುಂಬಾ ಚೆನ್ನಾಗಿದೆ.

ನಿಮ್ಮ ಸೊಸೆ,
ನಜೀಹಾ


ಮಾರ್ಸೇಯ್, ೨೮ ಅಕ್ಟೋಬರ್ ೧೯೮೬

ಮಗಳೇ,

ಬಟ್ಟೆ ಚೆನ್ನಾಗಿದೆ ಅಂತ ಬರೆದೆ. ನಾನು ಕೇಳಿದ್ದು ಬಾವಿಯನ್ನು.

ಮನ್ನೂಬಿಯಾ


ನಾಬುಲ್, ೧೮ ನವೆಂಬರ್ ೧೯೮೬

ಅತ್ತೆಯವರಿಗೆ ಸಲಾಂ.

ಈ ವರ್ಷ ಕಡಲ ಗಾಳಿ ಜೋರಾಗಿದೆ. ಎಲೆಗಳೆಲ್ಲ ಅದಕ್ಕೇ ಸುಟ್ಟಿವೆ ಅಂತ ಸಾದೊಕ್ ಅನ್ನುತ್ತಾರೆ. ಸೇವಂತಿಗೆ ಮೊಗ್ಗಿನಲ್ಲೇ ಕರಗಿತು. ನರ್ಗೀಸ್ ಗೆಡ್ಡೆಗಳು ಇನ್ನೂ ಮೂಗು ತೋರಿಸಿಲ್ಲ. ತೋರಿಸಬಹುದು.

ಬಾವಿಯಲ್ಲಿ ನೀರಿದೆ.

ನಜೀಹಾ


ನಾಬುಲ್, ೧೯ ಡಿಸೆಂಬರ್ ೧೯೮೬

ಅತ್ತೆ,

ದೂಜಾ ಖಾಲ್ತಿ ತೀರಿಕೊಂಡ ಸುದ್ದಿ ತಾಹರ್ ಭಾವ ನಿಮಗೆ ಹೇಳಿರುತ್ತಾರೆ. ಹೇಗೆ ಅಂತ ಅವರಿಗೆ ಗೊತ್ತಿಲ್ಲ. ನಾನು ಹೇಳಬೇಕು. ಇದನ್ನು ನೀವೇ ಓದಿ, ಬೇರೆಯವರ ಕೈಯಲ್ಲಿ ಓದಿಸಬೇಡಿ.

ಜೂನ್‌ನಲ್ಲಿ ಅಣ್ಣ ಸ್ಫಾಕ್ಸ್‌ನಿಂದ ತಂದದ್ದು ಒಂದು ಮೋಟಾರು. ಅದೇ ನಿಮಗಿಟ್ಟ ಬೆರಗು. ಗುಂಡಿ ಒತ್ತಿದರೆ ಸಾಕು, ಕೊಳವೆಯಲ್ಲಿ ನೀರು ಧುಮ್ಮಿಕ್ಕುತ್ತಿತ್ತು. ಬೆಳಿಗ್ಗೆ ಹಾಕಿದರೆ ಮಧ್ಯಾಹ್ನ, ಮಧ್ಯಾಹ್ನ ಹಾಕಿದರೆ ಸಂಜೆ. ನಿಮ್ಮ ಬಾವಿಗೆ ನಾನು ನಿದ್ದೆ ಕೊಡಲೇ ಇಲ್ಲ. ನೀವು ಇಪ್ಪತ್ತೈದು ವರ್ಷ ಬಿಂದಿಗೆಯಲ್ಲಿ ಸೇದಿದ್ದನ್ನು ನಾನು ಒಂದು ಬೇಸಿಗೆಯಲ್ಲಿ ಮೀರಿಸಬೇಕೆಂದಿತ್ತು. ನಿಮ್ಮ ತೋಟಕ್ಕಿಂತ ನನ್ನ ತೋಟ ಚೆಂದ ಅಂತ ಕೇರಿಯವರ ಬಾಯಲ್ಲಿ ಕೇಳಬೇಕೆಂದಿತ್ತು. ಕೇಳಿದೆ ಕೂಡ.

ನವೆಂಬರಿನಲ್ಲಿ ಒಂದು ದಿನ ಮಣ್ಣಿನ ಮೇಲೆ ಬೆಳ್ಳಗೆ ಹಿಟ್ಟಿನಂತೆ ಕಟ್ಟಿತ್ತು. ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟೆ. ಉಪ್ಪು. ಬಾವಿಯ ನೀರು ಸೇದಿ ಬಾಯಿಗೆ ಹಾಕಿದೆ. ಕಡಲು. ನಮ್ಮ ಅಡುಗೆಗೆ, ಕುಡಿಯಲು ಮನೆಯೊಳಗಿನ ನಲ್ಲಿ ಇದೆಯಲ್ಲ, ಹಾಗಾಗಿ ಅಷ್ಟು ದಿನ ತಿಳಿದಿರಲಿಲ್ಲ. ಮೋಟಾರು ಕಳಚಿ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ನಿಮಗೆ ಕಡಲ ಗಾಳಿ ಅಂತ ಬರೆದೆ. ಅದು ಸಾದೊಕ್ ಹೇಳಿದ್ದೂ ಅಲ್ಲ, ನಾನೇ ಕಟ್ಟಿದ್ದು.

ಅತ್ತೆ, ಅಂದು ನನಗೆ ನನ್ನ ತೋಟದ ಚಿಂತೆ ಮಾತ್ರ ಇತ್ತು. ಗೋಡೆಯಾಚೆ ಇನ್ನೊಂದು ಬಾವಿಯಿದೆ, ಆ ಮನೆಯಲ್ಲಿ ನಲ್ಲಿಯಿಲ್ಲ ಅಂತ ಒಮ್ಮೆ ಹೊಳೆಯಿತು. ಹೊಳೆದದ್ದನ್ನು ಹಾಗೇ ಅದುಮಿಟ್ಟೆ. ಹೋಗಿ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು.

ಈ ತಿಂಗಳ ಮೊದಲ ವಾರ ಮಳೆ ಹಿಡಿದಿತ್ತು. ಖಾಲ್ತಿ ನಲ್ಲಿಯಿಂದ ಡಬ್ಬ ತುಂಬಿಸಿಕೊಂಡು ಬರುವಾಗ ಜಾರಿ ಬಿದ್ದರು. ಸೊಂಟ ಮುರಿಯಿತು. ಹಾಸಿಗೆ ಹಿಡಿದವರಿಗೆ ಎದೆಯಲ್ಲಿ ನೀರು ತುಂಬಿತು. ನಾನು ಪಕ್ಕದಲ್ಲೇ ಇದ್ದೆ. "ಖಾಲ್ತಿ, ನಿಮ್ಮ ಬಾವಿ..." ಅಂತ ಬಾಯಿ ತೆಗೆದೆ. ಅವರು ನನ್ನ ಬೊಬ್ಬೆ ಒಣಗಿದ ಅಂಗೈ ಸವರಿ, "ಈಗ ನುಣುಪಾಗಿದೆ ನೋಡು" ಅಂದರು. ಅಷ್ಟೇ. ಅವರಿಗೆ ಎಲ್ಲಾ ಗೊತ್ತಿತ್ತು. ಮೋಟಾರಿನ ಸದ್ದು ಗೋಡೆಯಾಚೆ ಕೇಳದೆ ಇರುತ್ತದೆಯೇ?

ಅವರು ಹೋದ ದಿನ ಪೇಟೆಯಾಚೆಯ ತೊಳೆಯುವವಳಿಗೆ ಜ್ವರ. ಖಾಲ್ತಿಯ ಜೊತೆಗೇ ಇರುವ ಮಗಳು, ಹೇದಿಯ ಹೆಂಡತಿ, ನಮ್ಮ ಬಾಗಿಲಿಗೆ ಬಂದು, "ಮನ್ನೂಬಿಯಾ ಕೈ, ಇಲ್ಲಾಂದ್ರೆ ಆ ಮನೆ ಕೈ ಅಂತ ಅಮ್ಮ ಹೇಳಿದ್ಲು" ಅಂದಳು. ಸಾದೊಕ್ ನನ್ನ ಮುಖ ನೋಡಿದರು. ನಾನು ಕಪಾಟಿನಿಂದ ಮೊದಲ ಸೀಸೆ ತೆಗೆದುಕೊಂಡು ಹೋದೆ. ಈ ಸಲ ಹೊಸ್ತಿಲಿನಲ್ಲಿ ನಿಲ್ಲಲಿಲ್ಲ.

ಅವರ ಬಾವಿಯಿಂದಲೇ ನೀರು ಸೇದಿ ಕಾಯಿಸಿದ್ದರು. ಮೊದಲ ತಂಬಿಗೆ ಹುಯ್ಯುವಾಗ ಹನಿ ಸಿಡಿದು ನನ್ನ ತುಟಿಗೆ ಬಿತ್ತು. ಉಪ್ಪು. ಅತ್ತೆ, ನಮ್ಮ ಬಾವಿಗಿಂತ ಜಾಸ್ತಿ ಉಪ್ಪು. ಆ ಕುಸ್‌ಕುಸ್ ನೆನಪಾಯಿತು. ಅವರು ಎರಡು ಸಲ ಹಾಕಿರಲಿಲ್ಲ. ಒಂದು ಸಲ ಅವರ ಕೈ ಹಾಕಿತ್ತು, ಇನ್ನೊಂದು ಸಲ ನನ್ನ ಮೋಟಾರು ಹಾಕಿತ್ತು. ಅವರ ಮನೆಯ ಉಪ್ಪು ಉಂಡೆ ಅಂದುಕೊಂಡಿದ್ದೆ, ನಾನು ಕಳಿಸಿದ್ದ ಉಪ್ಪನ್ನೇ ಅವರು ನನಗೆ ಬಡಿಸಿದ್ದರು. ನಾನು ನಕ್ಕಿದ್ದೆ.

ನಮ್ಮ ನಲ್ಲಿಯಿಂದ ಸಿಹಿನೀರು ಹೊತ್ತು ತಂದೆ. ಖಾಲ್ತಿಯ ಮಗಳು, "ಯಾಕೆ, ಇದೇ ನೀರು ಸಾಕಲ್ಲ" ಅಂದಳು. ಸಾಲದು ಅಂದೆ. ಕೂದಲಿಗೆ, ಬೆರಳಿಗೆ, ಪಾದಕ್ಕೆ, ಎಲ್ಲಕ್ಕೂ ಸಿಹಿನೀರು ಹುಯ್ದೆ. ನೀವು ಹೇಳಿದ್ದು ನಿಜ, ಆ ಕೈ ನನ್ನ ಕೈಯಲ್ಲಿ ಉಳಿದಿದೆ.

ಕಫನ್ ಕಟ್ಟುವ ಮುಂಚೆ ಹೂವಿಗೆ ಅಂತ ನಮ್ಮ ಅಂಗಳಕ್ಕೆ ಬಂದೆ. ಏನಿತ್ತು? ಒಣಗಿದ ಕಡ್ಡಿ, ಬಿಳಿಯ ಮಣ್ಣು. ನರ್ಗೀಸ್ ಗೆಡ್ಡೆ ತೋಡಿ ನೋಡಿದರೆ ಒಳಗೇ ಕೊಳೆತಿತ್ತು. ನಿಮ್ಮ ತಾಯಿಗೆ ನಿಂಬೆ ಎಲೆಯಾದರೂ ಸಿಕ್ಕಿತ್ತು, ನನ್ನ ಪಾಲಿಗೆ ನಿಂಬೆಗಿಡವೂ ಉಳಿದಿರಲಿಲ್ಲ. ಕೇರಿಯಲ್ಲಿ ನಾಲ್ಕಾರು ಬಾಗಿಲು ತಟ್ಟಿದೆ. ಎಲ್ಲರೂ ಒಂದೇ ಮಾತು ಹೇಳಿದರು: "ಡಿಸೆಂಬರಲ್ಲಿ ಹೂ ಇರೋದು ನಿಮ್ಮನೇಲಲ್ವಾ?"

ಬರಿಗೈಯಲ್ಲಿ ಹಿಂದಿರುಗಿದೆ. ಹೂವಿಲ್ಲ ಅಂತ ಹೇಳಲು ಬಾಯಿ ಬರದೆ ಬಾಗಿಲಲ್ಲಿ ನಿಂತೆ. ಖಾಲ್ತಿಯ ಮಗಳು, "ಅಯ್ಯೋ, ಎಲ್ಲಿಗೆ ಹೋಗಿದ್ದೆ? ಮಾಳಿಗೆ ಮೇಲೆ ಇದೆ ತಗೊಂಡು ಬಾ" ಅಂದಳು.

ಮಾಳಿಗೆಯಲ್ಲಿ, ಗಾಳಿ ತಾಗದ ಮೂಲೆಯಲ್ಲಿ, ಹರೀಸ್ಸಾ ಮೆಣಸಿನ ಚಟ್ನಿಯ ದೊಡ್ಡ ತಗಡಿನ ಡಬ್ಬ. ಅದರ ತುಂಬಾ ನರ್ಗೀಸ್. ಅರಳಿ ನಿಂತಿದ್ದವು. ಮಗಳು ಹೇಳಿದಳು: "ಅಮ್ಮ ದಿನಾ ನಲ್ಲಿ ನೀರು ಹೊತ್ತು ಇದಕ್ಕೆ ಹಾಕ್ತಿದ್ಲು. ಬೇಡ ಅಂದ್ರೆ ಕೇಳ್ತಿರಲಿಲ್ಲ. ಈ ಸಲ ಮನ್ನೂಬಿಯಾ ಮನೇಲಿ ಹೂ ಆಗಲ್ಲ, ಯಾರಾದ್ರೂ ಬಾಗಿಲಿಗೆ ಬಂದ್ರೆ ಆ ಹುಡುಗಿ ಏನು ಕೊಡ್ತಾಳೆ, ಅವಳ ಮರ್ಯಾದೆ ಹೋಗಬಾರದು ಅಂತ."

ನನ್ನ ಮರ್ಯಾದೆ. ಅದಕ್ಕೆ ನೀರು ಹೊತ್ತು ತರುವಾಗ ಅವರು ಜಾರಿ ಬಿದ್ದರು.

ಅವರು ಬೆಳೆಸಿದ ಹೂವನ್ನೇ ಅವರ ಬಲಗೈ ಬೆರಳ ಸಂದಿಯಲ್ಲಿ ಸಿಕ್ಕಿಸಿದೆ. ನನ್ನದು ಅಂತ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಕೇರಿಯಲ್ಲಿ ಯಾರೂ ನನ್ನನ್ನು ಒಂದು ಮಾತು ಅಂದಿಲ್ಲ. ಎಲ್ಲರೂ "ಅವನ ಇಚ್ಛೆ" ಅನ್ನುತ್ತಾರೆ. ನೀವಾದರೂ ಬೈಯಿರಿ. ಬೇಗ ಕ್ಷಮಿಸಬೇಡಿ.

ನಜೀಹಾ


ಮಾರ್ಸೇಯ್, ೪ ಜನವರಿ ೧೯೮೭

ಮಗಳೇ ನಜೀಹಾ,

ನಿನ್ನ ಕಾಗದ ಬಂದು ಕೆಲವು ದಿನವಾಯಿತು. ನಾನೇ ಓದಿದೆ. ಬೈಯಿರಿ ಅಂತ ಕೇಳಿದ್ದೀಯ. ಬೈಯಲು ಕೂತೆ, ಬೈಗುಳ ಬೇರೆ ಕಡೆ ತಿರುಗಿತು.

ನೀನು ಮೋಟಾರಿನ ಸುದ್ದಿ ಹೇಳುವ ಮುಂಚೆಯೇ ನನಗೆ ಗೊತ್ತಿತ್ತು. ಜುಲೈನ ಕಾಗದದಲ್ಲೇ ಅದರ ಸದ್ದು ಕೇಳಿಸಿತು. ಕುಸ್‌ಕುಸ್ ಉಪ್ಪಾಯಿತು ಅಂತ ನೀನು ನಗುತ್ತಾ ಬರೆದಾಗ ನನಗೆ ಪೂರ್ತಿ ತಿಳಿಯಿತು. ದೂಜಾ ಉಪ್ಪಿನ ಅಳತೆ ತಪ್ಪುವವಳಲ್ಲ. ಎರಡೂ ಬಾವಿಯನ್ನು ತೋಡಿದ್ದು ಅವಳ ಗಂಡ. ಒಂದೇ ಸೆಲೆ. ನಮ್ಮಲ್ಲಿ ಸಿಹಿನೀರು ಕಡಲ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಕೂತಿರುತ್ತದೆ. ಮೆಲ್ಲಗೆ ತೆಗೆದು ಬಿಟ್ಟರೆ ಮತ್ತೆ ಕೆನೆ ಕಟ್ಟುತ್ತದೆ, ಎಳೆದರೆ ಉಪ್ಪು ಮೇಲೇಳುತ್ತದೆ. ಅವಳದು ಕಡಲ ಕಡೆಯ ಬಾವಿ, ಮೊದಲು ಕೆಡುವುದು ಅದೇ. ಬಾವಿ ಮಲಗಬೇಕು ಅನ್ನುವುದರ ಅರ್ಥ ಇಷ್ಟೇ. ಹೇಳಲು ಎಷ್ಟು ಹೊತ್ತು ಬೇಕಿತ್ತು? ನೀನು ಸೊಸೆಯಾಗಿ ಬಂದ ಮೊದಲ ವಾರವೇ ಹೇಳಬಹುದಿತ್ತು.

ಹೇಳಲಿಲ್ಲ. ನನ್ನ ಅತ್ತೆಯನ್ನು ನಾನು ಕೇಳಿರಲಿಲ್ಲ ಅಂತ ಬರೆದದ್ದು ಸುಳ್ಳು. ಕೇಳಿದ್ದೆ, ಅವಳು ಹೇಳಿದ್ದಳು. ಕಪಾಟಿನ ಬೀಗದ ಕೈ ಸೊಂಟದಲ್ಲಿ, ಬಾವಿಯ ಗುಟ್ಟು ಬಾಯಲ್ಲಿ, ಹೀಗೆ ಎರಡನ್ನೂ ಇಟ್ಟುಕೊಂಡು ಓಡಾಡಿದವಳು ನಾನು. ನೀನು ಹೆದರದೆ ನಗುವ ಹುಡುಗಿ. ನನ್ನ ಹತ್ತಿರ ಬಂದು ಕೈಕಟ್ಟಿ ಕೇಳಲಿ ಅಂತ ಕಾದೆ.

ಇನ್ನೂ ಇದೆ. ಹೇದಿಯ ಬಾಯಲ್ಲಿ ದೂಜಾಳಿಗೆ ಹೇಳಿ ಕಳಿಸಿದ್ದೆನಲ್ಲ, ಮುದುಕಿಯರ ಮಾತು, ಅದು ಇದು: "ಹುಡುಗಿ ಮೋಟಾರು ಇಟ್ಟಿದ್ದಾಳೆ. ನೀನು ಏನೂ ಹೇಳ್ಬೇಡ. ಒಂದು ಸಲ ಬಿದ್ದು ಕಲೀಲಿ. ನಾನೇ ಬಂದು ಹೇಳ್ತೀನಿ." ತೋಟ ಸ್ವಲ್ಪ ಬಾಡಲಿ, ಕೇರಿಯವರು ಮನ್ನೂಬಿಯಾಳ ಕಾಲವೇ ಚೆನ್ನಾಗಿತ್ತು ಅನ್ನಲಿ, ಆಮೇಲೆ ನಾನು ಬಂದು ಸರಿಮಾಡುವೆ ಅಂತ ಆಸೆ. ಆ ಹೊತ್ತಿಗೆ ನನ್ನ ಎದೆ ಕೊಯ್ಯಲು ದಿನ ಗೊತ್ತುಮಾಡಿದ್ದರು, ಆಗಲೂ ಈ ಆಸೆ ಹೋಗಬಾರದೆ? ದೂಜಾ ನನ್ನ ಮಾತು ಕೇಳಿದಳು. ನಾನು ಬರುವವರೆಗೆ ಅಂತ ಉಪ್ಪುನೀರು ಸಹಿಸಿದಳು, ನಲ್ಲಿಗೆ ನಡೆದಳು, ಮಂಡಿ ನೋವು ಅಂತ ನಿನಗೆ ಸುಳ್ಳು ಹೇಳಿದಳು. ನೀನು ಬಿದ್ದು ಕಲಿಯಲಿ ಅಂದೆ. ಬಿದ್ದವಳು ನೀನಲ್ಲ.

ನಿನ್ನ ತಪ್ಪು ತಿಳಿಯದೆ ಮಾಡಿದ್ದು, ನನ್ನದು ತಿಳಿದು ಮಾಡಿದ್ದು. ಆದ್ದರಿಂದ ಕ್ಷಮೆಯ ಮಾತು ನಮ್ಮಿಬ್ಬರ ನಡುವೆ ಬೇಡ. ಕೊಡಬೇಕಾದವಳು ಹೋದಳು.

ಡಾಕ್ಟರು ಮಾರ್ಚಿನಲ್ಲಿ ಬಿಡುತ್ತೇನೆ ಅಂದಿದ್ದಾರೆ. ಹೊಸ ಕವಾಟ ಟಿಕ್ ಟಿಕ್ ಅನ್ನುತ್ತದೆ, ರಾತ್ರಿ ನನಗೇ ಕೇಳಿಸುತ್ತದೆ. ಅಲ್ಲಿಯವರೆಗೆ ಎರಡೂ ಬಾವಿಗೆ ಮುಚ್ಚಳ ಹಾಕಿಡು. ಮಳೆ ನೀರು ಇಳಿಯಲಿ. ಎಷ್ಟು ವರ್ಷ ಬೇಕೋ ಮಲಗಲಿ. ಕಹಿಕಿತ್ತಳೆ ಸತ್ತಿದ್ದರೆ ಕಡಿಸು. ನನಗೋಸ್ಕರ ಎಲ್ಲಿಂದಲೋ ಹೂ ತಂದು ಬಾಗಿಲಿಗೆ ಸಿಕ್ಕಿಸಬೇಡ. ಬೋಳು ಅಂಗಳಕ್ಕೇ ಬರುತ್ತೇನೆ. ದೂಜಾಳ ತಗಡಿನ ಡಬ್ಬ ಮಾತ್ರ ಅವಳ ಮಗಳನ್ನು ಕೇಳಿ ಇಸಿದುಕೊಂಡಿರು. ಕೊಟ್ಟರೆ ಸರಿ, ಕೊಡದಿದ್ದರೆ ಅದೂ ಸರಿ.

ನನ್ನ ಸರದಿ ಬಂದಾಗ ಪೇಟೆಯಾಚೆಯವಳನ್ನು ಕರೆಸಬೇಡ. ನೀನೇ ತೊಳೆ. ಅದು ಯಾವ ತಿಂಗಳೋ ಗೊತ್ತಿಲ್ಲ. ಅಂಗಳದಲ್ಲಿ ಹೂವಿದ್ದರೆ ಇಡು. ಇಲ್ಲದಿದ್ದರೆ ಬಾಗಿಲು ಬಾಗಿಲು ತಟ್ಟಲು ಹೋಗಬೇಡ, ಕಡಲ ಗಾಳಿ ಅಂತ ಕತೆಯನ್ನೂ ಕಟ್ಟಬೇಡ. ನನ್ನ ಕಿವಿಯ ಹತ್ತಿರ ಬಗ್ಗಿ, "ಅತ್ತೆ, ಹೂ ಇಲ್ಲ" ಅಂತ ಹೇಳು. ಅಷ್ಟು ಹೇಳಿದರೆ ಸಾಕು.

ನಿನ್ನ ಅತ್ತೆ,
ಮನ್ನೂಬಿಯಾ